ಮಾಲೇರಿಯ ಕೆಂಪು ಮಣ್ಣಿನಲ್ಲಿ ಶಾರ್ಕ್

1859ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಮುಖ್ಯಸ್ಥ ಥಾಮಸ್ ಓಲ್ಡ್‌ಹ್ಯಾಮ್ ಒಂದಷ್ಟು ಹಲ್ಲುಗಳ ಬಗ್ಗೆ ಚಿಕ್ಕದೊಂದು ಲೇಖನ ಪ್ರಕಟಿಸಿದರು. ಹಲ್ಲುಗಳು ಬಂದದ್ದು ನಾಗಪುರದಿಂದ ದಕ್ಷಿಣಕ್ಕೆ, ಹೈದರಾಬಾದ್ ನಿಜಾಮರ ಸೀಮೆಯಲ್ಲಿದ್ದ ಮಾಲೇಡಿ ಎಂಬ ಹಳ್ಳಿಯ ಕಡೆಯಿಂದ. ಈಗ ಭೂವಿಜ್ಞಾನಿಗಳು ಮಾಲೇರಿ ಎಂದು ಬರೆಯುವುದು ಆ ಊರಿನ ಹೆಸರನ್ನೇ. ಪ್ರಾಣಹಿತಾ ಮತ್ತು ಗೋದಾವರಿ ನದಿಗಳ ಕಣಿವೆಯಲ್ಲಿ, ಹಳೆಯ ಆದಿಲಾಬಾದ್ ಜಿಲ್ಲೆಯಲ್ಲಿ ಅದಿದೆ. ಹೈದರಾಬಾದಿನಿಂದ ಉತ್ತರಕ್ಕೆ ಸುಮಾರು 250 ಕಿಲೋಮೀಟರ್ ಹೋದರೆ ಆ ಸೀಮೆ ಸಿಗುತ್ತದೆ.

ಹಲ್ಲೆಂದರೆ ಚೂಪು ಮೊನೆಯ ಹಲ್ಲಲ್ಲ. ದಪ್ಪ ಫಲಕ, ಅದರ ಮೇಲೆ ಬೀಸಣಿಗೆಯಾಕಾರದಲ್ಲಿ ಹರಡಿದ ಏಣುಗಳು. ಕಚ್ಚಿ ಹರಿಯುವುದಕ್ಕಿಂತ ಚಿಪ್ಪುಗಳನ್ನು ಒಡೆದು ಜಗಿಯುವುದಕ್ಕೆ ಸರಿಯಾದದ್ದು. ಓಲ್ಡ್‌ಹ್ಯಾಮ್ ಇವನ್ನು ಸೆರಟೋಡಸ್ ಎಂಬ ಕುಲಕ್ಕೆ ಸೇರಿಸಿ ಮೂರು ಪ್ರಭೇದಗಳನ್ನು ಹೆಸರಿಸಿದರು. ಒಂದಕ್ಕೆ ನಾಗಪುರದ ಸ್ಕಾಟಿಷ್ ಪಾದ್ರಿ ಸ್ಟೀಫನ್ ಹಿಸ್ಲಾಪರ ಹೆಸರು, ಇನ್ನೊಂದಕ್ಕೆ ಅವರ ಜೊತೆಗಾರ ರಾಬರ್ಟ್ ಹಂಟರರ ಹೆಸರು. ಮೂರನೆಯದು ಸೆರಟೋಡಸ್ ವೀರಪ. ಕನ್ನಡಿಗರ ಕಿವಿಗೆ ಇದು ಪರಿಚಯದ ಹೆಸರಿನಂತೆಯೇ ಕೇಳಿಸುತ್ತದೆ.

ಆ ಕಾಲದಲ್ಲಿ ಸೆರಟೋಡಸ್ ಎಂದರೆ ಶಾರ್ಕಿನ ನೆಂಟ. ಕುಲವನ್ನು ಹೆಸರಿಸಿದವರು ಸ್ವಿಸ್ ವಿಜ್ಞಾನಿ ಲೂಯಿ ಅಗಾಸಿ, 1838ರ ಸುಮಾರಿಗೆ. ಇಂಗ್ಲೆಂಡಿನ ಬ್ರಿಸ್ಟಲ್ ಬಳಿಯ ಆಸ್ಟ್ ಬಂಡೆಗಳಲ್ಲಿ ಸಿಕ್ಕ ಇಂಥವೇ ಫಲಕಗಳನ್ನು ನೋಡಿದ ಅವರಿಗೆ ಆಸ್ಟ್ರೇಲಿಯಾದ ಪೋರ್ಟ್ ಜಾಕ್ಸನ್ ಶಾರ್ಕ್ ನೆನಪಾಗಿತ್ತು. ಚಿಪ್ಪು ಒಡೆದು ತಿನ್ನುವ ಆ ಶಾರ್ಕಿನ ಬಾಯಲ್ಲೂ ಚಪ್ಪಟೆ ಹಲ್ಲುಗಳಿವೆ. ಮೀನಿನ ಉಳಿದ ಭಾಗವನ್ನು ಯಾರೂ ಕಂಡಿರಲಿಲ್ಲ. ಅಗಾಸಿಯ ಮಾತೆಂದರೆ ಮೀನು ಪಳೆಯುಳಿಕೆಗಳ ವಿಷಯದಲ್ಲಿ ಆಗ ಕೊನೆಯ ಮಾತು. ಹೀಗೆ ಕಡಲಿನ ಸುಳಿವೇ ಇಲ್ಲದ ದಖ್ಖನಿನ ಕಾಡು ಹಳ್ಳಿಯೊಂದಕ್ಕೆ ಕಾಗದದ ಮೇಲೆ ಶಾರ್ಕ್ ಬಂದು ಸೇರಿತು.

ಹನ್ನೊಂದು ವರ್ಷದ ನಂತರ ಅದು ಎದ್ದು ಹೋಯಿತು. 1870ರ ಜನವರಿಯಲ್ಲಿ ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಮ್ಮಿನ ಗೆರಾರ್ಡ್ ಕ್ರೆಫ್ಟ್ ಅಲ್ಲಿನ ದಿನಪತ್ರಿಕೆಯಲ್ಲಿ ಒಂದು ಸುದ್ದಿ ಬರೆದರು. ಕ್ವೀನ್ಸ್‌ಲ್ಯಾಂಡಿನ ಬರ್ನೆಟ್ ನದಿಯಲ್ಲಿ ಜನ ಹಿಡಿದು ತಿನ್ನುವ ದೊಡ್ಡ ಮೀನೊಂದಿದೆ. ಅದರ ಬಗ್ಗೆ ವಿಲಿಯಂ ಫಾರ್ಸ್ಟರ್ ಎಂಬ ರಾಜಕಾರಣಿ ವರ್ಷಗಳಿಂದ ಹೇಳುತ್ತಲೇ ಇದ್ದರು. ಕೊನೆಗೆ ಮೀನು ಮ್ಯೂಸಿಯಮ್ಮಿಗೆ ಬಂತು. ಕ್ರೆಫ್ಟ್ ಅದರ ಬಾಯಿ ಬಿಡಿಸಿ ನೋಡಿದರೆ ಅಗಾಸಿಯ ಪುಸ್ತಕದ ಚಿತ್ರಗಳಲ್ಲಿದ್ದ ಫಲಕಗಳೇ ಅಲ್ಲಿವೆ! ಅವರು ಅದನ್ನು ಸೆರಟೋಡಸ್ ಫಾರ್ಸ್ಟೆರಿ ಎಂದು ಕರೆದರು. ಅದು ಶಾರ್ಕ್ ಆಗಿರಲಿಲ್ಲ. ಶ್ವಾಸಕೋಶವಿದ್ದು ಗಾಳಿಯನ್ನೂ ಉಸಿರಾಡಬಲ್ಲ ಮೂಳೆಮೀನು. ವಂಶದ ಲೆಕ್ಕದಲ್ಲಿ ಶಾರ್ಕಿಗಿಂತ ಕಪ್ಪೆಗೂ ಮನುಷ್ಯನಿಗೂ ಹತ್ತಿರ. 1878ರಲ್ಲಿ ಎಲ್. ಸಿ. ಮಿಯಾಲ್ ಎಂಬ ಇಂಗ್ಲಿಷ್ ಜೀವವಿಜ್ಞಾನಿ ಮಾಲೇಡಿಯ ಹಲ್ಲುಗಳನ್ನೇ ಮುಂದಿಟ್ಟುಕೊಂಡು ಸೆರಟೋಡಸ್ ಕುಲದ ಬಗ್ಗೆ ಹೊಸದಾಗಿ ಬರೆದರು.

ಹಿಸ್ಲಾಪರಿಗೆ ಇದೆಲ್ಲ ತಿಳಿಯಲಿಲ್ಲ. ಧರ್ಮಪ್ರಚಾರಕ್ಕೆಂದು 1845ರಲ್ಲಿ ನಾಗಪುರಕ್ಕೆ ಬಂದ ಅವರು ಕಲ್ಲು, ಮೂಳೆ, ಎಲೆ ಮುದ್ರೆ ಎಲ್ಲವನ್ನೂ ಹೆಕ್ಕುತ್ತಿದ್ದರು. 1863ರ ಸೆಪ್ಟೆಂಬರಿನಲ್ಲಿ ಟಾಕಳಘಾಟ್ ಎಂಬಲ್ಲಿ ಪುರಾತನ ಕಲ್ಲುವೃತ್ತಗಳನ್ನು ನೋಡಿ ಹಿಂತಿರುಗುವಾಗ ಉಕ್ಕಿದ ಹಳ್ಳದಲ್ಲಿ ಮುಳುಗಿ ತೀರಿಕೊಂಡರು.

ಅಗಾಸಿಯಂಥವರಿಗೇ ಒಂದು ಹಲ್ಲಿನ ಯಜಮಾನ ಯಾರೆಂದು ತಿಳಿಯದೆ ಹೋಯಿತಲ್ಲ, ಅದಕ್ಕೆ ಕಾರಣವಿದೆ. ಶಾರ್ಕ್, ನಮ್ಮ ಕರಾವಳಿಯವರು ಸಾರು ಮಾಡುವ ತೊರಕೆ, ಆಳಕಡಲಿನ ಕೈಮೀರಾ, ಇವೆಲ್ಲ ಮೃದ್ವಸ್ಥಿ ಮೀನುಗಳು. ಒಡಲಿನೊಳಗೆ ಗಟ್ಟಿ ಮೂಳೆಯಿಲ್ಲ. ಕಿವಿಯ ಹಾಲೆಯನ್ನು, ಮೂಗಿನ ತುದಿಯನ್ನು ನೆಟ್ಟಗೆ ನಿಲ್ಲಿಸುವ ಮೆತ್ತನೆಯ ವಸ್ತುವೇ ಅವುಗಳ ಹಂದರ. ಸತ್ತ ಮೇಲೆ ಅದು ಕೊಳೆತು ಹೋಗುತ್ತದೆ. ಉಳಿಯುವುದು ಹಲ್ಲು, ಚರ್ಮದ ಮೇಲಿನ ಸಣ್ಣ ಹುರುಪೆ, ರೆಕ್ಕೆಯ ಮುಂದಿನ ಮುಳ್ಳು. ಒಂದು ಶಾರ್ಕ್ ಬದುಕಿರುವವರೆಗೂ ಹಲ್ಲು ಉದುರಿಸಿ ಹೊಸದು ಬೆಳೆಸುತ್ತಲೇ ಇರುತ್ತದೆ, ಹಾಗಾಗಿ ಹಲ್ಲಿಗೆ ಬರವಿಲ್ಲ. ಹಲ್ಲಿಗೆ ಮೀನು ಜೋಡಿಸುವುದೇ ಕಷ್ಟ. ಅದೃಷ್ಟವಿದ್ದಲ್ಲಿ ಮೃದ್ವಸ್ಥಿಯ ಮೇಲ್ಮೈಯೂ ಉಳಿದಿರುತ್ತದೆ: ಈ ಮೀನುಗಳ ಮೃದ್ವಸ್ಥಿಯ ಮೇಲೆ ಸುಣ್ಣದಂಶದ ಪುಟ್ಟ ಪುಟ್ಟ ತುಂಡುಗಳು ಹಳೆಯ ಮನೆಯ ಮೊಸಾಯಿಕ್ ನೆಲದಂತೆ ಒತ್ತೊತ್ತಾಗಿ ಕೂತಿರುತ್ತವೆ. ಬಂಡೆಯಲ್ಲಿ ಆ ಜೋಡಣೆ ಕಂಡರೆ ತಜ್ಞರು ಉಳಿದದ್ದನ್ನು ಕೇಳುವುದಿಲ್ಲ, ಇದು ಮೃದ್ವಸ್ಥಿ ಮೀನೇ ಎಂದುಬಿಡುತ್ತಾರೆ.

ಈ ವಂಶದ ಹುಟ್ಟಿನ ಕಥೆಯೂ ಇಂಥ ಚೂರುಗಳಿಂದಲೇ ಕಟ್ಟಿದ್ದು. ಅಮೆರಿಕದ ಕೊಲೊರಾಡೊದ ಹಾರ್ಡಿಂಗ್ ಮರಳುಗಲ್ಲಿನಲ್ಲಿ ಶಾರ್ಕಿನದನ್ನು ಹೋಲುವ ಹುರುಪೆಗಳಿವೆ ಎಂದು 1996ರಲ್ಲಿ ವರದಿಯಾಯಿತು. ವಯಸ್ಸು ಸುಮಾರು 45 ಕೋಟಿ ವರ್ಷ, ಆರ್ಡೊವಿಶಿಯನ್ ಯುಗ. ಹುರುಪೆ ಬಿಟ್ಟರೆ ಬೇರೇನೂ ಇಲ್ಲದ್ದರಿಂದ ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಚೀನಾದ ವಿಜ್ಞಾನಿಗಳು ಒಂದೇ ಸಲಕ್ಕೆ ಹಲವು ಲೇಖನ ಪ್ರಕಟಿಸಿ ಮೇಜನ್ನೇ ತುಂಬಿಸಿದರು. ಗುಯಿಝೌ ಪ್ರಾಂತದ ಸುಮಾರು 43.9 ಕೋಟಿ ವರ್ಷದ ಬಂಡೆಯಿಂದ ಫಾನ್‌ಜಿಂಗ್‌ಶಾನಿಯಾ ಎಂಬ ಮುಳ್ಳುರೆಕ್ಕೆಯ ಮೀನಿನ ತುಣುಕುಗಳು, ಅದೇ ಬಂಡೆಯಿಂದ ಕಿಯಾನೊಡಸ್ ಎಂಬ ಮೀನಿನ ಸುರುಳಿ ಹಲ್ಲುಸಾಲು, ಚೊಂಗ್‌ಚಿಂಗ್‌ನ 43.6 ಕೋಟಿ ವರ್ಷದ ಬಂಡೆಯಿಂದ ಶೆನಕ್ಯಾಂಥಸ್. ಈ ಶೆನಕ್ಯಾಂಥಸ್ ಇಡೀ ದೇಹ ಉಳಿದಿರುವ ಮೀನು, ಮೃದ್ವಸ್ಥಿ ವಂಶದ್ದು, ಆದರೂ ಹೆಗಲ ಸುತ್ತ ಕವಚದ ಮೀನುಗಳಿಗಿದ್ದಂಥ ಅಗಲ ಫಲಕಗಳಿವೆ.

ಕೆನಡಾದ ನ್ಯೂ ಬ್ರನ್ಸ್‌ವಿಕ್‌ನ ಡೋಲಿಯೋಡಸ್ ಕಥೆಯಂತೂ ಮಾಲೇರಿಯ ಕಥೆಯ ಅಣ್ಣತಮ್ಮ. 1892ರಲ್ಲಿ ಲಂಡನ್ನಿನ ಆರ್ಥರ್ ಸ್ಮಿತ್ ವುಡ್‌ವರ್ಡ್ ಅದನ್ನು ಹೆಸರಿಸಿದ್ದು ಬಿಡಿ ಹಲ್ಲುಗಳ ಮೇಲೆ. ಎರಡು ಮೊನೆ ಕಂಡದ್ದರಿಂದ ಡಿಪ್ಲೊಡಸ್ ಎಂಬ ಕುಲಕ್ಕೆ ಸೇರಿಸಿ, ಮುಂದೆ ಪ್ರಾಬ್ಲಮ್ಯಾಟಿಕಸ್ ಎಂದು ಬರೆದರು. ಅನುಮಾನ ಅವರಿಗೂ ಇತ್ತು ಎಂದಾಯಿತು. ತಲೆ, ಹೆಗಲು, ರೆಕ್ಕೆ ಕೂಡಿಕೊಂಡೇ ಇದ್ದ ಮಾದರಿಯೊಂದರ ವಿವರ ಹೊರಬಂದದ್ದು 2003ರಲ್ಲಿ. ವಯಸ್ಸು ಸುಮಾರು 40.9 ಕೋಟಿ ವರ್ಷ. ಹಲ್ಲು ಶಾರ್ಕಿನದು, ಎದೆರೆಕ್ಕೆಗಳ ಮುಂದೆ ಮುಳ್ಳು ಮಾತ್ರ ಅಕ್ಯಾಂಥೋಡಿಯನ್ ಎಂಬ ಬೇರೊಂದು ಗುಂಪಿನದು! ಈ ಗುಂಪನ್ನು ಮೊದಲು ಯಾವ ಕಡೆಗೆ ಸೇರಿಸಬೇಕೆಂದೇ ಗೊಂದಲವಿತ್ತು. ಈಗ ಬಹುಪಾಲು ವಿಜ್ಞಾನಿಗಳು ಅವು ಮೃದ್ವಸ್ಥಿ ವಂಶದ ಬುಡದಲ್ಲಿ ಕವಲೊಡೆದವು ಎನ್ನುತ್ತಾರೆ.

ಇದರ ಜೊತೆಗೆ ಇನ್ನೊಂದು ಹಳೆಯ ನಂಬಿಕೆಯೂ ಅಲ್ಲಾಡಿದೆ. ಮೃದ್ವಸ್ಥಿ ಮೊದಲು ಬಂತು, ಮೂಳೆ ಆಮೇಲೆ, ಹಾಗಾಗಿ ಶಾರ್ಕ್ ಹಿಂದುಳಿದ ಪ್ರಾಣಿ ಎಂದು ಶಾಲೆಯ ಪುಸ್ತಕಗಳು ಹೇಳುತ್ತಿದ್ದವು. 2020ರಲ್ಲಿ ಮಂಗೋಲಿಯಾದಿಂದ ಮಿಂಜಿನಿಯಾ ಎಂಬ 41 ಕೋಟಿ ವರ್ಷದ ಕವಚಮೀನಿನ ತಲೆಬುರುಡೆಯ ವಿವರ ಬಂತು. ಶಾರ್ಕ್ ಮತ್ತು ಮೂಳೆಮೀನು ಬೇರೆಯಾಗುವ ಮುಂಚಿನ ಕವಲಿನ ಈ ಪ್ರಾಣಿಯ ತಲೆಯೊಳಗೆ ನಿಜವಾದ ಮೂಳೆ ಇತ್ತು. ಶಾರ್ಕಿನ ಪೂರ್ವಜರಲ್ಲಿ ಮೂಳೆ ಇದ್ದಿರಬೇಕು, ಶಾರ್ಕ್ ಅದನ್ನು ಆಮೇಲೆ ಬಿಟ್ಟುಕೊಟ್ಟಿರಬೇಕು ಎಂಬ ವಾದಕ್ಕೆ ಇದರಿಂದ ದೊಡ್ಡ ಬಲ ಸಿಕ್ಕಿತು.

ಹೈದರಾಬಾದಿನ ಸುತ್ತ ಇಂಥ ಆರಂಭದ ಪುರಾವೆ ಹುಡುಕಿ ಪ್ರಯೋಜನವಿಲ್ಲ. ನಗರ ನಿಂತಿರುವ ಕಣಶಿಲೆಯ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ಆಗ ಮೀನೂ ಇಲ್ಲ, ಹುಳವೂ ಇಲ್ಲ. ಗೋದಾವರಿ ಕಣಿವೆಯಲ್ಲಿ ಅದರ ನಂತರ ಕೂತ ಹಳೆಯ ಸುಣ್ಣಗಲ್ಲು, ಮರಳುಗಲ್ಲುಗಳೂ ಮೀನಿನ ಕಾಲಕ್ಕಿಂತ ಹಿಂದಿನವು. ಆಮೇಲೆ ಪುಸ್ತಕದ ನಡುವಿನ ಹಾಳೆಗಳೇ ಇಲ್ಲ. ಆರ್ಡೊವಿಶಿಯನ್, ಸಿಲೂರಿಯನ್, ಡೆವೋನಿಯನ್, ಅಂದರೆ ಶಾರ್ಕ್ ಹುಟ್ಟಿ ಬೆಳೆದ ಯುಗಗಳ ಬಂಡೆ ಇಲ್ಲಿ ಸಿಗುವುದಿಲ್ಲ. ಸ್ಪೀತಿ, ಕಾಶ್ಮೀರದ ಕಡೆ ಆ ಕಾಲದ ಕಡಲ ಬಂಡೆಗಳಿವೆ. ಗೋದಾವರಿ ಕಣಿವೆಯ ದಾಖಲೆ ಮತ್ತೆ ಶುರುವಾಗುವುದು ಸುಮಾರು 30 ಕೋಟಿ ವರ್ಷದ ಹಿಂದೆ, ಹಿಮನದಿಗಳು ಬಿಟ್ಟುಹೋದ ಗುಂಡುಕಲ್ಲಿನೊಂದಿಗೆ. ಅದರ ಮೇಲೆ ಕಲ್ಲಿದ್ದಲು, ಅದರ ಮೇಲೆ ಕೆಂಪು ಜೇಡಿ.

ಕಲ್ಲಿದ್ದಲೇ ವಿಜ್ಞಾನಿಗಳನ್ನು ಇಲ್ಲಿಗೆ ಎಳೆತಂದದ್ದು. ಪ್ರಾಣಹಿತಾ ದಂಡೆಯ ಕೋಟ ಎಂಬ ಊರಿನ ಬಳಿ ಇದ್ದಲಿದೆಯೆಂಬ ಸುದ್ದಿ 1840ರ ದಶಕದಲ್ಲೇ ಹಬ್ಬಿತ್ತು. ಇದ್ದಲು ಹುಡುಕಿದವರ ಕೈಗೆ ಸುಣ್ಣಗಲ್ಲಿನ ಹಾಳೆಗಳ ನಡುವೆ ಹೊಳೆಯುವ ಹುರುಪೆಯ ಮೀನುಗಳು ಸಿಕ್ಕವು. 1851ರಲ್ಲಿ ಕರ್ನಲ್ ಸೈಕ್ಸ್ ಅವನ್ನು ಲಂಡನ್ನಿನ ಭೂವಿಜ್ಞಾನ ಸಂಘದ ಮುಂದಿಟ್ಟರು. ಫಿಲಿಪ್ ಎಗರ್ಟನ್ ಲೆಪಿಡೋಟಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟರು. ಇದು ಮೂಳೆಮೀನು, ಶಾರ್ಕಲ್ಲ. 1871ರಲ್ಲಿ ಯೆಲ್ಲಂದು ಬಳಿ ಇಂದಿನ ಸಿಂಗರೇಣಿ ಇದ್ದಲನ್ನು ಗುರುತಿಸಿದ ವಿಲಿಯಂ ಕಿಂಗ್ ಅವರೇ 1881ರಲ್ಲಿ ಪ್ರಾಣಹಿತಾ ಗೋದಾವರಿ ಕಣಿವೆಯ ಭೂರಚನೆಯ ಬಗ್ಗೆ ದೊಡ್ಡ ಗ್ರಂಥ ಬರೆದರು. ಮಾಲೇರಿ, ಕೋಟ ಎಂಬ ಹಳ್ಳಿ ಹೆಸರುಗಳು ಬಂಡೆಸ್ತರಗಳ ಹೆಸರಾಗಿ ಗಟ್ಟಿಯಾದದ್ದು ಆ ಕಾಲದಲ್ಲಿ. ಅವರ ಗ್ರಂಥದ ನಂತರ ಲೈಡೆಕರ್ ಎಂಬ ವಿಜ್ಞಾನಿ ಮಾಲೇರಿಯ ಸರೀಸೃಪಗಳನ್ನು ವಿವರಿಸಿದರು. ಮುಂದೆ ದೀರ್ಘಕಾಲ ಈ ಸೀಮೆಯಲ್ಲಿ ಹೇಳಿಕೊಳ್ಳುವಂಥ ಹುಡುಕಾಟ ನಡೆದದ್ದು ಕಡಿಮೆ.

ಮತ್ತೆ ಜೀವ ಬಂದದ್ದು 1957ರಲ್ಲಿ. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೂ ಡೈನೊಸಾರ್ ಮೂಳೆಗೂ ಏನು ನಂಟು ಎಂದು ಯಾರಾದರೂ ಕೇಳಬಹುದು. ನಂಟು ಸಂಸ್ಥೆಯನ್ನು ಕಟ್ಟಿದ ಪಿ. ಸಿ. ಮಹಾಲನೋಬಿಸ್ ಅವರ ತಲೆಯೊಳಗಿತ್ತು. ಸಂಖ್ಯಾಶಾಸ್ತ್ರ ಎಲ್ಲ ವಿಜ್ಞಾನಗಳಿಗೂ ಬೇಕು, ಹಾಗಾದರೆ ಎಲ್ಲ ವಿಜ್ಞಾನಗಳೂ ಸಂಸ್ಥೆಯೊಳಗೆ ಇರಲಿ ಎಂಬುದು ಅವರ ಧೋರಣೆ. ಲಂಡನ್ ಯೂನಿವರ್ಸಿಟಿ ಕಾಲೇಜಿನ ಪಮೇಲಾ ರಾಬಿನ್ಸನ್ ಅವರನ್ನು ಕರೆಸಿ ಭೂವಿಜ್ಞಾನ ಘಟಕವೊಂದನ್ನು ಶುರು ಮಾಡಿಸಿದರು. ರಾಬಿನ್ಸನ್ ತರುಣರ ತಂಡ ಕಟ್ಟಿಕೊಂಡು ಗೋದಾವರಿ ಕಣಿವೆಗಿಳಿದರು. ಸೋಹನ್‌ಲಾಲ್ ಜೈನ್, ತಪನ್ ರಾಯ್ ಚೌಧುರಿ, ಟಿ. ಎಸ್. ಕುಟ್ಟಿ, ಆಮೇಲೆ ಶಂಕರ್ ಚಟರ್ಜಿ. ಇವರ ಕೈಗೆ ಬಂದದ್ದೆಲ್ಲ ದೊಡ್ಡ ದೊಡ್ಡವೇ. ರವೀಂದ್ರನಾಥ ಟಾಗೋರರ ಜನ್ಮ ಶತಮಾನೋತ್ಸವದ 1961ರಲ್ಲಿ ಕೋಟ ಬಂಡೆಯಿಂದ ಅಗೆದ ಭಾರೀ ಡೈನೊಸಾರಿಗೆ ಬರಪಾಸಾರಸ್ ಟಾಗೋರಿ ಎಂಬ ಹೆಸರು ಬಂತು. ಮಾಲೇರಿಯ ಜೇಡಿಯಲ್ಲಿ ಮೊಸಳೆಯನ್ನು ಹೋಲುವ ಪ್ಯಾರಾಸೂಕಸ್ ಹಿಸ್ಲಾಪಿ ಎರಡು ಪೂರ್ಣ ಅಸ್ಥಿಪಂಜರಗಳಾಗಿ ಸಿಕ್ಕಿತು. ಅವುಗಳ ಹೊಟ್ಟೆಯ ಜಾಗದಲ್ಲಿ ಮಾಲೇರಿಸಾರಸ್ ಎಂಬ ಚಿಕ್ಕ ಸರೀಸೃಪದ ಮೂಳೆಗಳಿದ್ದವು. ನುಂಗಿದ ಊಟ ಅರಗುವ ಮುಂಚೆಯೇ ನುಂಗಿದವರು ಮಣ್ಣು ಸೇರಿದ್ದರು.

ಸುಮಾರು 22.5 ಕೋಟಿ ವರ್ಷದ ಹಿಂದೆ ಇಲ್ಲಿನ ಚಿತ್ರ ಹೀಗಿತ್ತು. ಭಾರತ ಆಫ್ರಿಕಾ, ಮಡಗಾಸ್ಕರ್, ಅಂಟಾರ್ಕ್ಟಿಕಗಳಿಗೆ ಅಂಟಿಕೊಂಡೇ ಇತ್ತು. ಅಗಲವಾದ ಬಯಲಿನಲ್ಲಿ ನದಿಗಳು ಹರಿದು, ಮಳೆಗಾಲದಲ್ಲಿ ದಂಡೆ ಮೀರಿ ಕೆಸರು ಹರಡುತ್ತಿದ್ದವು. ಬೇಸಿಗೆಯಲ್ಲಿ ನೀರು ತಗ್ಗುತ್ತಿತ್ತು. ಆ ಕೆಸರೇ ಇಂದಿನ ಕೆಂಪು ಜೇಡಿಬಂಡೆ. ಮಳೆ ಬಂದರೆ ಜಾರುತ್ತದೆ, ಒಣಗಿದರೆ ಹೆಂಟೆಯಾಗಿ ಒಡೆಯುತ್ತದೆ. ಪಳೆಯುಳಿಕೆ ಹುಡುಕುವವರು ಅಚ್ಲಾಪುರ, ನೆನ್ನೆಲ, ಭೀಮಾರಂ ಮುಂತಾದ ಹಳ್ಳಿಗಳ ಸುತ್ತ ಮಳೆಗಾಲ ಮುಗಿದ ಮೇಲೆ ಹೋಗುವುದು ಅದಕ್ಕೇ: ತೊಳೆದುಹೋದ ಮಣ್ಣು ಹಳೆಯ ಮೂಳೆಯನ್ನು ಮೇಲೆ ಬಿಟ್ಟಿರುತ್ತದೆ.

ಆ ಮಣ್ಣಿನಲ್ಲಿ ಸುತ್ತಿದ ಹಗ್ಗದ ತುಂಡಿನ ಗಾತ್ರದಿಂದ ಹಿಡಿದು ಬೆರಳುದ್ದದವರೆಗೆ ಸುರುಳಿ ಕಲ್ಲುಗಳೂ ರಾಶಿ ಬಿದ್ದಿವೆ. ಅವು ಕಲ್ಲಾದ ಮಲ. ಜೈನ್ 1983ರಲ್ಲಿ ಅವುಗಳ ಬಗ್ಗೆಯೇ ಪೂರ್ತಿ ಲೇಖನ ಬರೆದರು. ಶಾರ್ಕಿನ ಕರುಳಿನೊಳಗೆ ಸುರುಳಿ ಮೆಟ್ಟಿಲಿನಂಥ ಮಡಿಕೆಯಿದೆ, ಆದ್ದರಿಂದ ಹೊರಬರುವುದಕ್ಕೂ ಸುರುಳಿಯಾಕಾರ. ಹಾಗೆಂದು ಇದು ಶಾರ್ಕಿನದೇ ಎನ್ನುವಂತಿಲ್ಲ. ಶ್ವಾಸಕೋಶದ ಮೀನಿನ ಕರುಳಿನಲ್ಲೂ ಅದೇ ಮಡಿಕೆ! ಹಲ್ಲಿನಲ್ಲಿ ಅಗಾಸಿಯನ್ನು ಏಮಾರಿಸಿದ ಮೀನು ಇಲ್ಲೂ ಬಿಡಲಿಲ್ಲ.

ನಿಜವಾದ ಶಾರ್ಕನ್ನು ಮಾಲೇರಿಯಲ್ಲಿ ತೋರಿಸಿಕೊಟ್ಟವರೂ ಜೈನ್. 1980ರಲ್ಲಿ, ಓಲ್ಡ್‌ಹ್ಯಾಮ್ ಬರೆದು 121 ವರ್ಷ ಕಳೆದ ಮೇಲೆ, ಅವರ ಲೇಖನ ಬಂದದ್ದು ಬೆಂಗಳೂರಿನಿಂದ ಹೊರಡುವ ಭಾರತೀಯ ಭೂವಿಜ್ಞಾನ ಸಂಘದ ಪತ್ರಿಕೆಯಲ್ಲಿ. ಆ ಸಂಘ 1958ರಲ್ಲಿ ಹುಟ್ಟಿದ್ದು. ಬಿ. ಪಿ. ರಾಧಾಕೃಷ್ಣ ಅವರು ಅದನ್ನೂ ಪತ್ರಿಕೆಯನ್ನೂ ಬೆಳೆಸಿದ ರೀತಿ ಕರ್ನಾಟಕದ ಭೂವಿಜ್ಞಾನಿಗಳಿಗೆಲ್ಲ ಗೊತ್ತು. ಜೈನ್ ವಿವರಿಸಿದ್ದು ಜೆನಕ್ಯಾಂಥಸ್ ಗುಂಪಿನ ಸಿಹಿನೀರಿನ ಶಾರ್ಕ್, ಪ್ರಭೇದದ ಹೆಸರು ಇಂಡಿಕಸ್.

ಇದರ ಹಲ್ಲು ಕೆಲವೇ ಮಿಲಿಮೀಟರ್. ಭೂತಗನ್ನಡಿಯಡಿ ಇಟ್ಟು ನೋಡಿದರೆ ಮರೆಯುವಂಥದ್ದಲ್ಲ. ಬುಡದಿಂದ ಎರಡು ಉದ್ದ ಮೊನೆಗಳು ಒಂದಕ್ಕೊಂದು ದೂರ ವಾಲಿ ವಿ ಆಕಾರದಲ್ಲಿ ಎದ್ದಿವೆ. ಅವುಗಳ ಸಂದಿಯಲ್ಲಿ ಮೂರನೆಯ ಚಿಕ್ಕ ಮೊನೆಯೊಂದು. ಮೊನೆಗಳ ಮೈಮೇಲೆ ಉದ್ದುದ್ದಕ್ಕೆ ಸಣ್ಣ ಗೆರೆಗಳು. ಬುಡದ ಮೇಲೆ, ಬಾಯಿಯ ಒಳಬದಿಗೆ, ದುಂಡಗಿನ ಒಂದು ಗುಬುಟು. ಹಿಂದಿನ ಹಲ್ಲು ಬಂದು ಅದರ ಮೇಲೆ ಕೂರುವಂತೆ. ಮೊನೆ ಎರಡು ಎಂಬ ಕಾರಣಕ್ಕೇ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಥ ಹಲ್ಲುಗಳನ್ನು ಡಿಪ್ಲೊಡಸ್ ಎಂದು ಕರೆಯುತ್ತಿದ್ದದ್ದು. ವುಡ್‌ವರ್ಡ್ ಕೆನಡಾದ ಹಲ್ಲನ್ನು ಸೇರಿಸಿದ್ದು ಈ ಪೆಟ್ಟಿಗೆಗೇ. ಜೆನಕ್ಯಾಂಥ್‌ಗಳ ಇಡೀ ದೇಹ ಜರ್ಮನಿಯ ಹಳೆಯ ಸರೋವರಗಳ ಪದರಗಲ್ಲಿನಲ್ಲಿ ಸಿಕ್ಕಿದೆ. ಉದ್ದನೆಯ ಮೈ, ಬೆನ್ನಿನುದ್ದಕ್ಕೂ ಪಟ್ಟಿಯಂತೆ ಸಾಗುವ ರೆಕ್ಕೆ, ತಲೆಯ ಹಿಂದಿನಿಂದ ಎದ್ದ ಒಂದು ನೀಳ ಮುಳ್ಳು. ಸಿನಿಮಾದ ಶಾರ್ಕಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಕಡಲಿಗೆ ಹೋಗುವ ಆಸೆಯೂ ಇದಕ್ಕಿದ್ದಂತಿಲ್ಲ. ಹೆಚ್ಚಾಗಿ ನದಿ, ಕೆರೆ, ಜೌಗು.

ಈ ಗುಂಪು ಡೈನೊಸಾರ್‌ಗಳಿಗಿಂತ ಎಷ್ಟೋ ಹಳೆಯದು. ಕಲ್ಲಿದ್ದಲು ಕಾಡುಗಳ ಕಾಲದ ಕೆರೆಗಳಲ್ಲಿ ಅದರದೇ ದರ್ಬಾರು. 25 ಕೋಟಿ ವರ್ಷದ ಹಿಂದಿನ ಮಹಾವಿನಾಶವನ್ನೂ ದಾಟಿ ಬಂತು. ಟ್ರಯಾಸಿಕ್ ಮುಗಿಯುವಾಗ ಮುಗಿಯಿತು. ಎಂದರೆ ಮಾಲೇರಿಯ ನದಿಯಲ್ಲಿದ್ದವು ಕೊನೆಯ ತಲೆಮಾರುಗಳ ಪೈಕಿ. ಹೈದರಾಬಾದ್ ಸೀಮೆಯ ಬಂಡೆಗೆ ಈ ವಂಶದಲ್ಲಿ ದಕ್ಕಿದ್ದು ಹುಟ್ಟಿನ ಪುಟವಲ್ಲ, ಒಂದು ಹಿರಿಯ ಕವಲಿನ ಮುಗಿತಾಯದ ಪುಟ. ಅದೇನೂ ಕಡಿಮೆ ಬೆಲೆಯದಲ್ಲ. ಸಿಹಿನೀರಿನ ಶಾರ್ಕ್ ಎಂಬ ಬದುಕು ಎಷ್ಟು ದೂರ, ಎಷ್ಟು ಕಾಲ ನಡೆಯಿತು ಎನ್ನುವುದಕ್ಕೆ ದಕ್ಷಿಣ ಗೋಳದ ಸಾಕ್ಷಿ ಬೇಕಿತ್ತು, ಅದು ಇಲ್ಲಿ ಸಿಕ್ಕಿತು.

ಹೆಸರು ಮಾತ್ರ ಮತ್ತೆ ಬದಲಾಯಿತು. ಇಂಡಿಕಸ್ ಈಗ ಮೂರಿಯೊಡಾಂಟಸ್ ಕುಲದಲ್ಲಿದೆ. 2018ರಲ್ಲಿ ಎಂ. ಎಸ್. ಭಟ್, ಸಂಘಮಿತ್ರ ರೇ ಮತ್ತು ಪಿ. ಎಂ. ದತ್ತ ಅವರು ಮಧ್ಯಪ್ರದೇಶದ ತಿಕಿ ಬಂಡೆಗಳ ಮೀನು ಹಲ್ಲುಗಳನ್ನು ವಿವರಿಸುವಾಗ ಹೊಸ ಪ್ರಭೇದವೊಂದಕ್ಕೆ ಮೂರಿಯೊಡಾಂಟಸ್ ಜೈನಿ ಎಂದು ಹೆಸರಿಟ್ಟರು. ತಿಕಿಯೂ ಮಾಲೇರಿಯೂ ಹೆಚ್ಚುಕಡಿಮೆ ಒಂದೇ ಕಾಲದವು.

ಇಂಥ ಹಲ್ಲು ನಡೆಯುತ್ತಾ ಹೋಗುವವರ ಕಣ್ಣಿಗೆ ಬೀಳುವುದಿಲ್ಲ. ರಾಬಿನ್ಸನ್ ತಂಡ ತೊಡೆಮೂಳೆ ಅಗೆಯುತ್ತಿದ್ದ ಜಾಗದಲ್ಲೇ ಇವು ಕಾಲಡಿ ಇದ್ದಿರಬಹುದು. ಇದಕ್ಕೆ ಬೇರೆಯೇ ಕೆಲಸ ಬೇಕು. ಚೀಲಗಟ್ಟಲೆ ಜೇಡಿಯನ್ನು ತಂದು, ಬಿಸಿಲಿಗೆ ಒಣಗಿಸಿ, ನೀರಿನಲ್ಲಿ ನೆನೆಹಾಕಿ, ಒಂದರ ಕೆಳಗೊಂದು ಸಣ್ಣ ಕಣ್ಣಿನ ಜರಡಿಗಳಲ್ಲಿ ತೊಳೆಯಬೇಕು. ಬಗ್ಗದ ಮಣ್ಣಿಗೆ ಸೀಮೆಎಣ್ಣೆ, ಸುಣ್ಣಗಲ್ಲಾದರೆ ತೆಳು ಆಮ್ಲ. ಕೊನೆಗೆ ಉಳಿದ ಹಿಡಿ ಮರಳನ್ನು ಸೂಕ್ಷ್ಮದರ್ಶಕದಡಿ ಹರಡಿ, ಒದ್ದೆ ಕುಂಚದ ತುದಿಯಿಂದ ಹಲ್ಲೊಂದು ಕಡೆ, ಹುರುಪೆಯೊಂದು ಕಡೆ ಎತ್ತಿಡಬೇಕು. ಒಂದು ಚೀಲ ಮಣ್ಣಿಗೆ ವಾರಗಳೇ ಹಿಡಿಯಬಹುದು, ಏನೂ ಸಿಗದೆಯೂ ಹೋಗಬಹುದು. ಡೈನೊಸಾರ್ ಅಗೆದರೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಜರಡಿ ಹಿಡಿದವರಿಗೆ ಆ ಭಾಗ್ಯವಿಲ್ಲ.

ಹೈದರಾಬಾದಿನಲ್ಲೇ ಇದರ ಒಳ್ಳೆಯ ಉದಾಹರಣೆಯಿದೆ. ನೌಬತ್ ಪಹಾಡದ ಬಿರ್ಲಾ ವಿಜ್ಞಾನ ಮ್ಯೂಸಿಯಮ್ಮಿನಲ್ಲಿ 2000ದಿಂದ ನಿಂತಿರುವ ಕೋಟಾಸಾರಸ್ ಯಮನಪಲ್ಲಿಯೆನ್ಸಿಸ್ ಅಸ್ಥಿಪಂಜರದ ಎದುರು ಮಕ್ಕಳು ಸಾಲುಗಟ್ಟುತ್ತಾರೆ. ಆದಿಲಾಬಾದಿನ ಯಮನಪಲ್ಲಿಯ ಬಳಿ ಅಗೆದ ಆ ಪ್ರಾಣಿಯನ್ನು 1988ರಲ್ಲಿ ವಿವರಿಸಿದವರು ಭೂವೈಜ್ಞಾನಿಕ ಸರ್ವೇಕ್ಷಣೆಯ ಹೈದರಾಬಾದ್ ಕಚೇರಿಯ ಪಿ. ಯಾದಗಿರಿ. ಅವರೇ ಎರಡು ವರ್ಷ ಮೊದಲು, 1986ರಲ್ಲಿ, ಅದೇ ಕೋಟ ಬಂಡೆಯ ಸಣ್ಣ ಜೀವಿಗಳ ಬಗ್ಗೆ ಬರೆದ ಲೇಖನದಲ್ಲಿ ಲಾಂಕಿಡಿಯನ್ ಇಂಡಿಕಸ್ ಎಂಬ ಶಾರ್ಕ್ ಇದೆ. ಮ್ಯೂಸಿಯಮ್ಮಿಗೆ ಬರುವವರಿಗೆ ಆ ವಿಷಯ ಗೊತ್ತಿರುವುದು ಅನುಮಾನ. ಯಾದಗಿರಿಯವರ ಜರಡಿಗೆ ಆದಿಕಾಲದ ಸಸ್ತನಿಗಳ ಹಲ್ಲುಗಳೂ ಸಿಕ್ಕವು. ಇಂಡೋಥೀರಿಯಂ, ತ್ರಿಶೂಲೋಥೀರಿಯಂ ಅವರೇ ಕೊಟ್ಟ ಹೆಸರುಗಳು.

ಲಾಂಕಿಡಿಯನ್ ಹೈಬೊಡಾಂಟ್ ಎಂಬ ಇನ್ನೊಂದು ಗುಂಪಿನದು. ಜೆನಕ್ಯಾಂಥ್‌ಗಳು ಅಳಿದ ಮೇಲೆ ಸಿಹಿನೀರಿನಲ್ಲಿ ಖಾಲಿಯಾದ ಜಾಗದಲ್ಲಿ ಕಾಣಿಸುವುದು ಇವೇ, ಅದಕ್ಕೂ ಮೊದಲೇ ಜೊತೆಯಲ್ಲಿದ್ದವು ಕೂಡ. ಹಲ್ಲು ಅಡ್ಡಕ್ಕೆ ಉದ್ದ, ನಡುವೆ ತಗ್ಗಾದ ಮೊನೆ, ಮುಂಬದಿಗೆ ಒಂದು ಚಿಕ್ಕ ಮುಂಚಾಚು. ಹೈಬೊಡಾಂಟ್‌ಗಳು ಕ್ರಿಟೇಶಿಯಸ್ ಕೊನೆಯವರೆಗೂ ಬಾಳಿದವು. ಕಡಲಲ್ಲೂ ಇದ್ದವು. 2021ರಲ್ಲಿ ಜೈಸಲ್ಮೇರಿನ ಜುರಾಸಿಕ್ ಬಂಡೆಯಿಂದ ಸ್ಟ್ರೋಫೋಡಸ್ ಜೈಸಲ್ಮೇರೆನ್ಸಿಸ್ ಎಂಬ ಹೊಸ ಹೈಬೊಡಾಂಟ್ ಪ್ರಕಟವಾಯಿತು; ಚಿಪ್ಪು ಒಡೆಯುವ ಚಪ್ಪಟೆ ಹಲ್ಲಿನದು.

ಕೋಟ ಬಂಡೆಯ ನಂತರದ ಕಥೆಯನ್ನು ಮುಂದುವರಿಸುವುದು ಲಾವಾರಸ. ಕಲಬುರಗಿ, ಯಾದಗಿರಿಯಿಂದ ಹೈದರಾಬಾದಿಗೆ ರೈಲಿನಲ್ಲಿ ಹೋಗುವವರು ತಾಂಡೂರು, ವಿಕಾರಾಬಾದ್ ಸುತ್ತ ಕಪ್ಪು ಕಲ್ಲಿನ ದಿನ್ನೆಗಳನ್ನು ನೋಡಿಯೇ ಇರುತ್ತಾರೆ. ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನನ್ನು ಮುಚ್ಚಿದ ಬಸಾಲ್ಟ್ ಅದು. ಲಾವಾ ಒಂದೇ ಸಲ ಹರಿಯಲಿಲ್ಲ. ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ಕೆರೆಗಳು ನಿಂತವು, ಕೆಸರು ಕೂತಿತು, ಜೀವಗಳು ಬಂದವು, ಮತ್ತೆ ಲಾವಾ ಮುಚ್ಚಿತು. ವಿಕಾರಾಬಾದ್ ಕಡೆಯ ನಾಸ್ಕಲ್‌ನಲ್ಲಿ ಇಂಥ ಪದರವನ್ನು ಜರಡಿ ಹಿಡಿದೇ ಜಿ. ವಿ. ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ 1988ರಲ್ಲಿ ಭಾರತದ ಮೊದಲ ಕ್ರಿಟೇಶಿಯಸ್ ಸಸ್ತನಿಯನ್ನು ಪ್ರಕಟಿಸಿದರು. ಅದರ ಹೆಸರು ಡೆಕ್ಕನೊಲೆಸ್ಟಿಸ್ ಹಿಸ್ಲಾಪಿ. ಪಾದ್ರಿಯ ನೆನಪು ಇಲ್ಲೂ ಉಳಿಯಿತು. ಹಳೆಯ ಗುಲ್ಬರ್ಗ ಜಿಲ್ಲೆಯ ಗುರುಮಠಕಲ್ ಬಳಿಯೂ ಲಾವಾ ನಡುವಿನ ಪದರಗಳಿವೆ.

ಆಸಿಫಾಬಾದಿನ ಅಂಥ ಪದರದಿಂದ 1993ರಲ್ಲಿ ಪ್ರಸಾದ್ ಮತ್ತು ಫ್ರಾನ್ಸಿನ ಹೆನ್ರಿ ಕಪೆಟ್ಟಾ ಒಂದು ತೊರಕೆಯನ್ನು ವಿವರಿಸಿದರು, ಇಗ್ಡಬಾಟಿಸ್ ಇಂಡಿಕಸ್. ಚಿಪ್ಪುಗಳನ್ನು ಅರೆಯುವ, ಷಟ್ಕೋನ ಕಲ್ಲುಗಳಂತೆ ಒತ್ತಾಗಿ ಜೋಡಿಸಿದ ಹಲ್ಲುಗಳು. ಇಗ್ಡಬಾಟಿಸ್ ಎಂಬ ಕುಲವನ್ನು ಕಪೆಟ್ಟಾ 1972ರಲ್ಲಿ ಹೆಸರಿಸಿದ್ದು ಆಫ್ರಿಕಾದ ನೈಜರ್ ದೇಶದ ಹಲ್ಲುಗಳ ಮೇಲೆ, ಕ್ರಿಟೇಶಿಯಸ್‌ನ ಕಟ್ಟಕಡೆಯ ಹಂತದ ಬಂಡೆಯಲ್ಲಿ. ಈ ಸಣ್ಣ ಸಂಗತಿಯಿಂದ ದೊಡ್ಡ ಪರಿಣಾಮ ಆಯಿತು. ದಖ್ಖನಿನ ಲಾವಾ ಎಂದು ಹರಿಯಿತು ಎಂಬ ಪ್ರಶ್ನೆಗೆ ಒಂದು ಕಾಲದಲ್ಲಿ ಕೋಟ್ಯಂತರ ವರ್ಷಗಳ ವ್ಯತ್ಯಾಸದ ಉತ್ತರಗಳಿದ್ದವು. 1986ರಲ್ಲಿ ವಿನ್ಸೆಂಟ್ ಕೂರ್ತಿಯೊ ಮತ್ತು ಸಂಗಡಿಗರು ಲಾವಾ ಡೈನೊಸಾರ್ ಅಳಿದ ಗಡಿಗೇ ಹತ್ತಿರ, ಅಲ್ಪಕಾಲದಲ್ಲೇ ಹರಿಯಿತು ಎಂದು ವಾದಿಸಿದಾಗ, ಕಾಂತೀಯ ಅಳತೆ ಮತ್ತು ವಿಕಿರಣ ಕಾಲಗಣನೆಯ ಜೊತೆ ಅವರು ಮುಂದಿಟ್ಟ ಸಾಕ್ಷಿಗಳಲ್ಲಿ ಲಾವಾ ನಡುವಿನ ಪದರದ ಇಗ್ಡಬಾಟಿಸ್ ಹಲ್ಲೂ ಇತ್ತು. ಆ ಲೇಖನದ ಲೇಖಕರಲ್ಲಿ ಕಪೆಟ್ಟಾ ಕೂಡ ಒಬ್ಬರು. ತೊರಕೆ ಇಷ್ಟು ಒಳನಾಡಿಗೆ ಬಂದದ್ದು ಹೇಗೆ ಎಂಬುದರ ಮೇಲೆ ಈಗಲೂ ಎರಡು ಪಕ್ಷ. ನರ್ಮದೆಯ ಅಥವಾ ಗೋದಾವರಿಯ ಕಡೆಯಿಂದ ಕಡಲಿನ ತೋಳು ಒಳಗೆ ಚಾಚಿತ್ತು ಎನ್ನುವವರು ಒಂದು ಕಡೆ. ಜೊತೆಯಲ್ಲಿ ಸಿಗುವ ಕಪ್ಪೆ, ಆಮೆ, ಸಿಹಿನೀರಿನ ಮೀನುಗಳನ್ನು ತೋರಿಸಿ, ಇದು ನದಿ ಹತ್ತಿ ಬಂದ ತೊರಕೆಯೇ ಎನ್ನುವವರು ಇನ್ನೊಂದು ಕಡೆ.